ಹದಿನಾಲ್ಕನೇ ಲೂಯಿ ಕಾಲದ ಫ್ರೆಂಚ್ ಉಡುಪು: ಎಲ್ಲಿ ಹುಡುಕಬೇಕು, ಯಾವುದನ್ನು ನಂಬಬೇಕು

ಫ್ರಾನ್ಸಿನ ಬರೋಕ್ ಕಾಲದ, ಅಂದರೆ ಹೆಚ್ಚುಕಡಿಮೆ ಹದಿನೇಳನೇ ಶತಮಾನದ, ಬಟ್ಟೆಗಳ ಬಗ್ಗೆ ತಿಳಿಯಬೇಕು ಅಂತ ಹೊರಟವರು ಮೊದಲು ಗೂಗಲ್‌ನಲ್ಲಿ ಚಿತ್ರ ಹುಡುಕುತ್ತಾರೆ. ರಾಶಿ ರಾಶಿ ಚಿತ್ರ ಬರುತ್ತವೆ. 1630ರ ಲೇಸಿನ ಕಾಲರ್, 1701ರಲ್ಲಿ ಬರೆದ ರಾಜನ ಭಾವಚಿತ್ರ, 1770ರ ದಶಕದ ಫ್ರೆಂಚ್ ರಾಣಿ ಮರಿ ಆಂತ್ವಾನೆತ್‌ಳ ಅಗಲದ ಲಂಗ, ಸಿನಿಮಾದ ಮಸ್ಕಿಟಿಯರ್, ಪಾರ್ಟಿಗೆ ಬಾಡಿಗೆ ಕೊಡುವ ವೇಷ, ಎಲ್ಲ ಒಂದೇ ಸಾಲಿನಲ್ಲಿ. ಎಲ್ಲದರ ಕೆಳಗೂ ಬರೋಕ್ ಅಂತಲೇ ಬರೆದಿರುತ್ತದೆ. ಮೊದಲಿನದಕ್ಕೂ ಮರಿ ಆಂತ್ವಾನೆತ್‌ಗೂ ನಡುವೆ ಸುಮಾರು 140 ವರ್ಷ ಕಳೆದಿದೆ ಅನ್ನೋದು ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ನಾಟಕಕ್ಕೆ ಉಡುಪು ಹೊಲಿಸುವವರು, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರು, ಫ್ಯಾಷನ್ ಓದುತ್ತಿರುವ ವಿದ್ಯಾರ್ಥಿಗಳು, ಫ್ರೆಂಚ್ ಕಥೆಗಳನ್ನು ಕನ್ನಡಕ್ಕೆ ತರುವವರು, ಇವರಿಗೆಲ್ಲ ಉಪಯೋಗವಾಗಲಿ ಅಂತ ಈ ಲೇಖನ ಬರೆಯುತ್ತಿದ್ದೇನೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಒಂದು ಒಳ್ಳೆಯ ಚಿತ್ರ ಸಿಕ್ಕಿತು ಅಂದ ಮಾತ್ರಕ್ಕೆ ಉಡುಪು ಗೊತ್ತಾಯಿತು ಅಂತ ಅಲ್ಲ. ಚಿತ್ರವನ್ನು ಬರಹದ ಜೊತೆ, ಬರಹವನ್ನು ಸಾಮಾನುಗಳ ಪಟ್ಟಿಯ ಜೊತೆ, ಪಟ್ಟಿಯನ್ನು ಇವತ್ತಿಗೂ ಉಳಿದಿರುವ ಬಟ್ಟೆಯ ಜೊತೆ ತಾಳೆ ನೋಡಬೇಕು. ನಾಲ್ಕೂ ಒಂದೇ ಮಾತು ಹೇಳಿದರೆ ಧೈರ್ಯವಾಗಿ ಮುಂದುವರಿಯಬಹುದು. ಹೇಳದಿದ್ದರೆ ಇನ್ನೂ ಒಳ್ಳೆಯದು. ಕಲಿಯುವುದಕ್ಕೆ ಜಾಸ್ತಿ ಸಿಗುವುದು ಅಲ್ಲೇ.

ಮೊದಲು ದಶಕ, ಆಮೇಲೆ ಮನುಷ್ಯ, ಆಮೇಲೆ ಸಂದರ್ಭ

ಹುಡುಕುವ ಮುಂಚೆ ಒಂದು ಹಾಳೆಯ ಮೇಲೆ ಮೂರು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಯಾವ ಹತ್ತು ವರ್ಷ? ಯಾರು? ಯಾವ ಹೊತ್ತಿನಲ್ಲಿ? ‘ಹದಿನೇಳನೇ ಶತಮಾನದ ಫ್ರೆಂಚ್ ಗಂಡಸು’ ಅನ್ನುವ ಉತ್ತರ ಸಾಲದು. ‘1670ರಲ್ಲಿ ಪ್ಯಾರಿಸಿನ ಶ್ರೀಮಂತ ವ್ಯಾಪಾರಿ, ಬೆಳಗ್ಗೆ ಮನೆಯಲ್ಲಿ’ ಅಂದರೆ ಸಾಕು.

ಯಾಕೆಂದರೆ ಈ ಕಾಲದಲ್ಲಿ ಉಡುಪು ಬಹಳ ಬೇಗ ಬದಲಾಯಿತು. ಹದಿಮೂರನೇ ಲೂಯಿ ಆಳಿದ್ದು 1610ರಿಂದ 1643ರವರೆಗೆ. ಅವನ ಕಾಲದ ಗಂಡಸರು ಪುರ್‌ಪ್ವೆಂ ಅನ್ನುವ ಗಿಡ್ಡ ಮೇಲಂಗಿ ಹಾಕುತ್ತಿದ್ದರು. ಹೆಗಲ ಮೇಲೆ ಅಗಲವಾಗಿ ಬೀಳುವ ಲೇಸಿನ ಕಾಲರ್, ಕಾಲಿಗೆ ಬೂಟು. 1650ರ ದಶಕದಿಂದ ಮೇಲಂಗಿ ಇನ್ನೂ ಗಿಡ್ಡವಾಯಿತು. ಲಂಗದಷ್ಟು ಅಗಲದ ರೀನ್‌ಗ್ರಾವ್ ಚಡ್ಡಿ ಬಂತು, ಅದರ ತುಂಬ ರಿಬ್ಬನ್. 1670ರ ದಶಕದ ಹೊತ್ತಿಗೆ ಮೊಣಕಾಲಿನವರೆಗೆ ಬರುವ ಉದ್ದನೆಯ ಕೋಟು, ಅಂದರೆ ಜುಸ್ತೊಕೋರ್, ಅದರೊಳಗೆ ಉದ್ದ ವೆಸ್ಟು, ಕೆಳಗೆ ಬಿಗಿ ಚಡ್ಡಿ ಎಂಬ ಮೂರರ ಜೋಡಿ ನೆಲೆಗೊಂಡಿತು. ಇವತ್ತಿನ ತ್ರೀ ಪೀಸ್ ಸೂಟಿನ ಮೂಲ ಅದರಲ್ಲೇ ಇದೆ.

ಹೆಂಗಸರ ವಿಷಯದಲ್ಲಿ ಅರಮನೆ ಬೇರೆ, ಮನೆ ಬೇರೆ. ಅರಮನೆಯಲ್ಲಿ ತಿಮಿಂಗಿಲದ ಬಾಯಿಯ ಪಟ್ಟಿ ಕೂರಿಸಿದ ಗಟ್ಟಿ ಕುಪ್ಪಸ, ತೆರೆದ ಹೆಗಲು, ಹಿಂದೆ ಎಳೆಯುವ ಉದ್ದ ಸೆರಗು. ಇದಕ್ಕೆ ಗ್ರಾಂತ್ ಆಬಿ ಅಂತ ಹೆಸರು. ಹೊರಗಡೆ 1670, 80ರ ದಶಕಗಳಲ್ಲಿ ಮಾಂತೋ ಅನ್ನುವ ಮುಂಭಾಗ ತೆರೆದ ನಿಲುವಂಗಿ ಬಂತು. ಅದನ್ನು ಮೈಮೇಲೆ ನೆರಿಗೆ ಹಿಡಿದು ಹಿಂದಕ್ಕೆ ಎತ್ತಿ ಕಟ್ಟುತ್ತಿದ್ದರು. ತಲೆಯ ಮೇಲೆ ಲೇಸು, ರಿಬ್ಬನ್ನು, ತಂತಿಯಿಂದ ಏಣಿಯಂತೆ ಎದ್ದು ನಿಲ್ಲುತ್ತಿದ್ದ ಫೋಂತಾಂಜ್ 1680ರ ದಶಕದ್ದು. 1710ರ ಹೊತ್ತಿಗೆ ಅದು ಹೆಚ್ಚುಕಡಿಮೆ ಮರೆಯಾಗಿತ್ತು. ಹಾಗಾಗಿ 1660ರ ದೃಶ್ಯದಲ್ಲಿ ಫೋಂತಾಂಜ್ ಇಟ್ಟರೆ ಅದು ತಪ್ಪು. ಅಗಲದ ಬುಟ್ಟಿ ಲಂಗ ಹರಡಿದ್ದು ಹದಿನಾಲ್ಕನೇ ಲೂಯಿ 1715ರಲ್ಲಿ ಸತ್ತ ಮೇಲೆ.

ಈ ಲೇಖನದ ಉದ್ದಕ್ಕೂ ಒಬ್ಬನನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಆ ಕಾಲದ ಫ್ರೆಂಚ್ ನಾಟಕಕಾರ ಮೋಲಿಯೇರನ ‘ಲ ಬೂರ್ಜ್ವಾ ಜಾಂತಿಯೋಮ್’ ನಾಟಕದ ಮೊಸ್ಯೂ ಜೂರ್ದೇನ್. ದುಡ್ಡಿರುವ ವ್ಯಾಪಾರಿ, ದೊಡ್ಡ ಮನೆತನದವರ ಹಾಗೆ ಕಾಣಬೇಕು ಅನ್ನುವ ಆಸೆ. ನಾಟಕ ಮೊದಲು ಆಡಿದ್ದು 1670ರ ಅಕ್ಟೋಬರ್ 14ರಂದು, ಶಾಂಬೋರ್ ಅರಮನೆಯಲ್ಲಿ, ರಾಜನ ಮುಂದೆ. ಕನ್ನಡ ರಂಗಕ್ಕೆ ಮೋಲಿಯೇರ್ ಹೊಸಬನೇನಲ್ಲ. ಅವನ ನಾಟಕವನ್ನು ಅವನ ಕಾಲದ ಉಡುಪಿನಲ್ಲೇ ಆಡಿಸಬೇಕು ಅಂತ ಯಾರಾದರೂ ಹೊರಟರೆ ಕೆಲಸ ಹೇಗೆ ಸಾಗುತ್ತದೆ ನೋಡೋಣ.

ಸರಿಯಾದ ಪದ ಹಾಕಿ ಹುಡುಕಿ

ಬರೋಕ್ ಅನ್ನುವುದು ಆ ಕಾಲದವರು ತಮ್ಮ ಬಟ್ಟೆಗೆ ಇಟ್ಟ ಹೆಸರಲ್ಲ. ಫ್ರೆಂಚ್ ಮ್ಯೂಸಿಯಂಗಳೂ ರಾಜನ ಹೆಸರಿನಿಂದ, ಶತಮಾನದಿಂದಲೇ ಜಾಸ್ತಿ ವಿಂಗಡಿಸುತ್ತವೆ. ಹಾಗಾಗಿ ‘ಲೂಯಿ 14’, ‘ಹದಿನೇಳನೇ ಶತಮಾನ’ ಅಂತ ಫ್ರೆಂಚ್‌ನಲ್ಲಿ ಹಾಕಿ ಹುಡುಕಿ. ಉಡುಪಿಗೆ ಆಗ ಚಾಲ್ತಿಯಲ್ಲಿದ್ದ ಪದ ‘ಆಬಿ’. ಅಕ್ಷರಗಳು ಇಂಗ್ಲಿಷಿನ ಹ್ಯಾಬಿಟ್ ಪದದ್ದೇ. ಅಚ್ಚು ಚಿತ್ರ ಬೇಕಿದ್ದರೆ ‘ಎಸ್ತಾಂಪ್’ (estampe), ಲೇಸಿಗೆ ‘ದಾಂತೆಲ್’ (dentelle). ಕಾಸ್ಟ್ಯೂಮ್ ಅಂತ ಹಾಕಿದರೆ ಹತ್ತೊಂಬತ್ತನೇ ಶತಮಾನದ ಪುಸ್ತಕಗಳೇ ಮೇಲೆ ಬರುತ್ತವೆ. ಅವುಗಳಲ್ಲಿರುವುದು ಹಳೆಯ ಚಿತ್ರಗಳನ್ನು ನೋಡಿ ಇನ್ನೂರು ವರ್ಷದ ನಂತರ ಮತ್ತೆ ಬರೆದ ಚಿತ್ರಗಳು. ಬಣ್ಣ ಚೆನ್ನಾಗಿರುತ್ತದೆ, ಗೆರೆ ಸ್ಪಷ್ಟವಾಗಿರುತ್ತದೆ. ಆದರೆ ಬರೆದವರ ಕಾಲದ ಸೊಂಟ, ಬರೆದವರ ಕಾಲದ ಹೆಗಲು ಅದರೊಳಗೆ ನುಸುಳಿಬಿಟ್ಟಿರುತ್ತದೆ. ಪಿಂಟರೆಸ್ಟ್‌ನಲ್ಲಿ ಓಡಾಡುವ ಎಷ್ಟೋ ಚಿತ್ರಗಳು ಇಂಥವೇ.

ಹುಡುಕಾಟ ಶುರು ಮಾಡಲು ಒಳ್ಳೆಯ ಜಾಗ ಗ್ಯಾಲಿಕಾ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 1997ರಲ್ಲಿ ತೆರೆದ ಡಿಜಿಟಲ್ ಗ್ರಂಥಾಲಯ ಇದು. ದುಡ್ಡು ಕೊಡಬೇಕಿಲ್ಲ, ಮನೆಯಲ್ಲೇ ಕೂತು ನೋಡಬಹುದು. ಚಿತ್ರ ಮಾತ್ರ ಅಂತ ಆರಿಸಿ, ವರ್ಷದ ಮಿತಿ ಹಾಕಿ. ಪ್ಯಾರಿಸ್ ನಗರದ ಮ್ಯೂಸಿಯಂಗಳು, ಅಂದರೆ ಕಾರ್ನವಾಲೆ ಮತ್ತು ಉಡುಪಿನ ಮ್ಯೂಸಿಯಂ ಗಾಲಿಯೆರಾ ಸೇರಿದಂತೆ, 2020ರಿಂದ ಬಹಳಷ್ಟು ಚಿತ್ರಗಳನ್ನು ಮುಕ್ತವಾಗಿ ಬಿಟ್ಟಿವೆ. ಲೂವ್ರ್ ತನ್ನ ಸಂಗ್ರಹದ ಪಟ್ಟಿಯನ್ನು 2021ರಲ್ಲಿ ಆನ್‌ಲೈನ್‌ಗೆ ತಂದಿತು. ನ್ಯೂಯಾರ್ಕಿನ ಮೆಟ್ (ಮೆಟ್ರೊಪಾಲಿಟನ್ ಮ್ಯೂಸಿಯಂ), ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಮೂರರಲ್ಲೂ ಇಂಗ್ಲಿಷಿನಲ್ಲೇ ಹುಡುಕಬಹುದು.

ಎಲ್ಲಿಂದಲೋ ಒಂದು ಚಿತ್ರ ಸಿಕ್ಕಿ, ಅದು ಯಾವುದು ಅಂತ ಗೊತ್ತಾಗದಿದ್ದರೆ ಗೂಗಲ್ ಲೆನ್ಸ್‌ಗೆ ಹಾಕಿ. ಮ್ಯೂಸಿಯಂನ ಸ್ವಂತ ಪುಟ ಸಿಗುವವರೆಗೂ ಬಿಡಬೇಡಿ. ಸಿಗದೇ ಹೋದರೆ ಆ ಚಿತ್ರವನ್ನು ಆಚೆ ಇಡಿ. ಎಷ್ಟೇ ಚೆಂದವಿದ್ದರೂ ಆಚೆ ಇಡಿ.

ಅಚ್ಚು ಚಿತ್ರಗಳನ್ನು ಓದುವ ಬಗೆ

ಈ ಕಾಲದ ಉಡುಪಿಗೆ ತಾಮ್ರದ ತಗಡಿನಿಂದ ಅಚ್ಚು ಹಾಕಿದ ಚಿತ್ರಗಳೇ ಮುಖ್ಯ ಆಧಾರ. 1640ರವರೆಗಿನ ಕಾಲಕ್ಕೆ ಇಬ್ಬರನ್ನು ಬಿಡುವ ಹಾಗಿಲ್ಲ. ಒಬ್ಬ ಲೊರೇನ್ ಪ್ರಾಂತದ ಜಾಕ್ ಕಾಲೊ, ಇನ್ನೊಬ್ಬ ಅಬ್ರಹಾಂ ಬಾಸ್. ನನಗೆ ಬಾಸ್ ಮೇಲೆ ಪ್ರೀತಿ ಜಾಸ್ತಿ. ಬಟ್ಟೆ ತೊಟ್ಟ ಮನುಷ್ಯನ ಸುತ್ತ ಒಂದು ಬದುಕೇ ಇರುತ್ತದೆ ಅವನ ಚಿತ್ರದಲ್ಲಿ. 1638ರ ಸುಮಾರಿನ ಅವನ ‘ಪಲೇ ಗ್ಯಾಲರಿ’ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಪ್ಯಾರಿಸಿನ ನ್ಯಾಯಾಲಯದ ಕಟ್ಟಡದೊಳಗಿನ ಅಂಗಡಿ ಸಾಲು ಅದು. ಪುಸ್ತಕದ ಅಂಗಡಿ, ಪಕ್ಕದಲ್ಲಿ ಕೈಗವಸು, ಬೀಸಣಿಗೆ, ಆಚೆ ಲೇಸಿನ ಕಾಲರುಗಳು. ಕೊಳ್ಳುವವರು ಏನು ತೊಟ್ಟಿದ್ದಾರೆ, ಮಾರುವವಳು ಏನು ತೊಟ್ಟಿದ್ದಾಳೆ, ಮೈಮೇಲೆ ಇಲ್ಲದಾಗ ಆ ಕಾಲರ್ ಹೇಗೆ ಕಾಣುತ್ತದೆ, ಮೂರೂ ಒಂದೇ ಹಾಳೆಯಲ್ಲಿ ಗೊತ್ತಾಗುತ್ತದೆ.

ಬಾಸ್‌ನದ್ದೇ ಇನ್ನೊಂದು ಚಿತ್ರವಿದೆ. 1633ರಲ್ಲಿ ಲೇಸು, ಜರಿ ಕಸೂತಿಗಳನ್ನು ತೊಡಬಾರದು ಅಂತ ಸರ್ಕಾರ ಆಜ್ಞೆ ಹೊರಡಿಸಿತು. ಚಿತ್ರದಲ್ಲಿ ಆಸ್ಥಾನದವನೊಬ್ಬ ಸಾದಾ ಬಟ್ಟೆ ತೊಟ್ಟು ನಿಂತಿದ್ದಾನೆ. ಅವನ ಸೇವಕ ಲೇಸಿನ ಬಟ್ಟೆಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದಾನೆ. ಈ ಚಿತ್ರ ಕಲಿಸುವ ಪಾಠ ದೊಡ್ಡದು. ಆಜ್ಞೆಯಲ್ಲಿ ಬೇಡ ಅಂದದ್ದನ್ನು ನೋಡಿ ಯಾರೂ ತೊಡುತ್ತಿರಲಿಲ್ಲ ಅಂತ ತಿಳಿಯಬೇಡಿ. ಎಲ್ಲರೂ ತೊಡುತ್ತಿದ್ದರು ಅಂತಲೇ ಆಜ್ಞೆ ಬಂದದ್ದು. ಅದೇ ಥರದ ಆಜ್ಞೆ ಮತ್ತೆ ಮತ್ತೆ ಬಂದಿದೆ ಅಂದರೆ ಜನ ಕೇಳಲಿಲ್ಲ ಅಂತ ಅರ್ಥ.

1670ರ ದಶಕದ ಕೊನೆಯಿಂದ ಉಡುಪಿನ ಚಿತ್ರಗಳದ್ದೇ ಒಂದು ವ್ಯಾಪಾರ ಶುರುವಾಯಿತು. ‘ಮರ್ಕ್ಯೂರ್ ಗಲಾಂ’ ಅನ್ನುವ ಪತ್ರಿಕೆಯನ್ನು ಝಾಂ ದೊನೊ ದ ವಿಝೆ 1672ರಲ್ಲಿ ಶುರು ಮಾಡಿದ. 1678ರಲ್ಲಿ ಅದು ಉಡುಪಿನ ಚಿತ್ರಗಳನ್ನೂ ಅಚ್ಚು ಹಾಕಿತು. ಪ್ಯಾರಿಸಿನ ಸೇಂಟ್ ಜಾಕ್ ಬೀದಿಯ ಬೊನ್ನಾರ್ ಕುಟುಂಬ, ಸೇಂ ಝಾಂ, ಆರ್ನೂ, ಟ್ರೂವೇನ್ ಮುಂತಾದ ಚಿತ್ರಕಾರರು ಒಂದೊಂದು ಹಾಳೆಯಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿ ನೂರಾರು ಚಿತ್ರ ಮಾರಿದರು. ಲಾಸ್ ಏಂಜಲೀಸ್ ಕೌಂಟಿ ಕಲಾ ಮ್ಯೂಸಿಯಂನಲ್ಲಿ 1703, 04ರ ಹೊತ್ತಿಗೆ ಒಟ್ಟು ಮಾಡಿ ಕಟ್ಟಿದ ಇಂಥ 190 ಚಿತ್ರಗಳ ಆಲ್ಬಂ ಇದೆ. ಆನ್‌ಲೈನ್‌ನಲ್ಲಿ ಒಂದೊಂದಾಗಿ ನೋಡಬಹುದು. ಒಂದು ಸಂಜೆ ಬಿಡುವು ಮಾಡಿಕೊಂಡು ಅದನ್ನು ಪೂರ್ತಿ ನೋಡಿ. ಅಷ್ಟಾದ ಮೇಲೆ ನಿಮ್ಮ ಕಣ್ಣೇ ಬದಲಾಗಿರುತ್ತದೆ.

ಈ ಚಿತ್ರಗಳಲ್ಲಿ ಎಚ್ಚರ ಬೇಕಾದ ಕಡೆ ಮೂರಿವೆ. ಕೆಳಗೆ ಯಾವುದೋ ರಾಣಿಯ, ದೊರೆಸಾನಿಯ ಹೆಸರಿದ್ದರೂ ಮುಖ ಅವರದ್ದೇ ಅಂತಿಲ್ಲ. ಒಂದೇ ಮುಖಕ್ಕೆ ಬೇರೆ ಬೇರೆ ಹೆಸರು ಹಾಕಿ ಮಾರಿದ್ದಾರೆ. ಎರಡನೆಯದು, ಬಣ್ಣವನ್ನು ಅಚ್ಚಾದ ಮೇಲೆ ಕೈಯಿಂದ ಹಚ್ಚುತ್ತಿದ್ದರು. ಒಂದು ಪ್ರತಿಯಲ್ಲಿ ಕೆಂಪಿರುವ ಕೋಟು ಇನ್ನೊಂದರಲ್ಲಿ ನೀಲಿ ಇರುತ್ತದೆ. ಹಾಗಾಗಿ ಕತ್ತರಿಸಿದ ರೀತಿಗೆ, ನೆರಿಗೆಗೆ ಚಿತ್ರವನ್ನು ನಂಬಿ, ಬಣ್ಣಕ್ಕೆ ನಂಬಬೇಡಿ. ಮೂರನೆಯದು, ಹಳೆಯ ತಗಡನ್ನೇ ವರ್ಷಗಳ ನಂತರ ಮತ್ತೆ ಅಚ್ಚಿಗೆ ಹಾಕುತ್ತಿದ್ದರು. ತಾರೀಖು ಇಲ್ಲದ ಚಿತ್ರದ ಕಾಲವನ್ನು ಸಣ್ಣ ಸಣ್ಣ ಗುರುತಿನಿಂದ ಹಿಡಿಯಬೇಕು. ಉದಾಹರಣೆಗೆ, ಕೊರಳಿನ ಉದ್ದನೆಯ ಬಟ್ಟೆಯನ್ನು ಸಡಿಲವಾಗಿ ತಿರುಚಿ, ತುದಿಯನ್ನು ಕೋಟಿನ ಗುಂಡಿ ಕಾಜಾಕ್ಕೆ ಸಿಕ್ಕಿಸಿದ್ದರೆ ಅದು ಸ್ಟೀನ್‌ಕರ್ಕ್. 1692ರ ಸ್ಟೀನ್‌ಕರ್ಕ್ ಯುದ್ಧದ ನಂತರ ಆ ಹೆಸರಿನಲ್ಲಿ ಹಬ್ಬಿದ್ದು. ಚಿತ್ರ ಅದಕ್ಕಿಂತ ಹಿಂದಿನದ್ದಾಗಿರುವುದು ಕಷ್ಟ.

ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ ಇನ್ನೊಂದು ಬಗೆಯ ಚಿತ್ರಗಳಿವೆ. ಯಾರೋ ಬಟ್ಟೆಯ ಭಾಗವನ್ನು ಕಾಗದದಿಂದ ಕತ್ತರಿಸಿ ತೆಗೆದು, ಹಿಂದಿನಿಂದ ನಿಜವಾದ ರೇಷ್ಮೆ, ಲೇಸಿನ ತುಂಡುಗಳನ್ನು ಅಂಟಿಸಿದ್ದಾರೆ. ಅಂಗೈ ಅಗಲದ ಲಂಗ, ಬೆರಳಷ್ಟು ತೋಳು. ಗೆರೆಯಲ್ಲಿ ಕಾಣದ ಹೊಳಪು, ಬಟ್ಟೆಯ ನೇಯ್ಗೆ ಎಲ್ಲ ಅಲ್ಲಿ ಕಣ್ಣಿಗೆ ಬೀಳುತ್ತದೆ.

ವರ್ಣಚಿತ್ರಗಳ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ

ಇದನ್ನು ಯಾರು ಬರೆಸಿದರು, ಯಾಕೆ ಬರೆಸಿದರು? ಇಯಾಸಾಂತ್ ರಿಗೊ 1701ರಲ್ಲಿ ಬರೆದ ಹದಿನಾಲ್ಕನೇ ಲೂಯಿಯ ಚಿತ್ರ ಲೂವ್ರ್‌ನಲ್ಲಿದೆ. ಎಲ್ಲರಿಗೂ ಗೊತ್ತಿರುವ ಚಿತ್ರ: ನೀಲಿ ಮಖಮಲ್ಲಿನ ಮೇಲೆ ಚಿನ್ನದ ಲಿಲಿ ಹೂಗಳು, ಒಳಗೆ ಬಿಳಿ ತುಪ್ಪಳ, ಕೆಂಪು ಹಿಮ್ಮಡಿಯ ಬೂಟು. ಸ್ಪೇನಿನ ರಾಜನಾಗಿದ್ದ ಮೊಮ್ಮಗನಿಗೆ ಕಳಿಸಲು ಬರೆಸಿದ್ದು. ರಾಜನಿಗೇ ಇಷ್ಟವಾಗಿ ಫ್ರಾನ್ಸಿನಲ್ಲೇ ಉಳಿಯಿತು. ಆ ನಿಲುವಂಗಿ ಪಟ್ಟಾಭಿಷೇಕದ್ದು. ಅದನ್ನು ಹಾಕಿಕೊಂಡು ಯಾರೂ ಊಟಕ್ಕೆ ಕೂರಲಿಲ್ಲ. ಅದನ್ನೇ ‘ಆ ಕಾಲದ ಗಂಡಸಿನ ಉಡುಪು’ ಅಂತ ತೆಗೆದುಕೊಂಡರೆ ದಾರಿ ತಪ್ಪಿತು.

ಹಾಗೆಯೇ ಪಿಯೆರ್ ಮಿನ್ಯಾರ್‌ನಂಥವರು ಬರೆದ ಹೆಂಗಸರ ಚಿತ್ರಗಳಲ್ಲಿ ಹೊಲಿಗೆಯೇ ಕಾಣದ ಸಡಿಲ ರೇಷ್ಮೆ, ಬರಿ ತೋಳು ಇರುತ್ತದೆ. ಪುರಾಣದ ದೇವತೆಯ ಹಾಗೆ ಕಾಣಲಿ ಅಂತ ಹಾಗೆ ಬರೆಸಿಕೊಂಡದ್ದು. ದಿನಬಳಕೆಯ ಉಡುಪಿಗೆ ಅದು ಆಧಾರವಾಗುವುದಿಲ್ಲ.

ಬಡವರ ಬಟ್ಟೆ ಬೇಕಿದ್ದರೆ ಲೆ ನೇನ್ ಸೋದರರ ಚಿತ್ರ ನೋಡಿ. ಲೂವ್ರ್‌ನಲ್ಲಿರುವ 1642ರ ಸುಮಾರಿನ ರೈತ ಕುಟುಂಬದ ಚಿತ್ರದಲ್ಲಿ ಬರಿಗಾಲಿನ ಮಕ್ಕಳಿದ್ದಾರೆ, ಬೂದು ಕಂದು ಬಣ್ಣದ ಒರಟು ಬಟ್ಟೆ ಇದೆ, ತಲೆಗೆ ಬಿಳಿ ವಸ್ತ್ರ ಇದೆ. ಅದನ್ನೂ ಕೊಂಡವರು ಊರಿನ ಅನುಕೂಲಸ್ಥರು ಅನ್ನೋದು ಮಾತ್ರ ನೆನಪಿರಲಿ.

ಬರಹ ಮತ್ತು ಪಟ್ಟಿ: ಜೂರ್ದೇನನ ಬಟ್ಟೆ ಬಿಚ್ಚಿ ನೋಡೋಣ

ನನ್ನ ಲೆಕ್ಕದಲ್ಲಿ ಸಂಶೋಧನೆ ರುಚಿ ಹತ್ತುವುದು ಇಲ್ಲಿ. ಜೂರ್ದೇನ್ ರಂಗದ ಮೇಲೆ ಬರುವುದೇ ಹೊಸ ನಿಲುವಂಗಿ ತೋರಿಸುತ್ತಾ. ‘ಈ ಇಂಡಿಯೆನ್ ಮಾಡಿಸಿಕೊಂಡೆ, ದೊಡ್ಡವರು ಬೆಳಗ್ಗೆ ಹೀಗೇ ಇರುತ್ತಾರಂತೆ, ನನ್ನ ದರ್ಜಿ ಹೇಳಿದ’ ಅನ್ನುವ ಅರ್ಥದ ಮಾತು ಆಡುತ್ತಾನೆ. ಇಂಡಿಯೆನ್ ಅಂದರೆ ನಮ್ಮ ದೇಶದಿಂದ ಹೋದ, ಇಲ್ಲವೇ ಅದನ್ನು ನೋಡಿ ಮಾಡಿದ, ಬಣ್ಣದ ಹೂಬಳ್ಳಿಯ ಹತ್ತಿ ಬಟ್ಟೆ. ನಿಲುವಂಗಿ ತೆರೆದು ಒಳಗಿನದ್ದನ್ನೂ ತೋರಿಸುತ್ತಾನೆ. ಕೆಂಪು ಮಖಮಲ್ಲಿನ ಬಿಗಿ ಚಡ್ಡಿ, ಹಸಿರು ಮಖಮಲ್ಲಿನ ಒಳಂಗಿ ಅಂತ ನಾಟಕದ ಪಠ್ಯವೇ ಹೇಳುತ್ತದೆ. ಪುಸ್ತಕ ಅಚ್ಚಾದದ್ದು 1671ರಲ್ಲಿ.

ಮುಂದೆ ದರ್ಜಿ ಬರುತ್ತಾನೆ. ಕಪ್ಪಲ್ಲದ ಬಣ್ಣದಲ್ಲಿ ಗಂಭೀರವಾದ ಉಡುಪು ಹೊಲಿದಿದ್ದೇನೆ ಅಂತ ಹೆಮ್ಮೆ ಪಡುತ್ತಾನೆ. ಆ ಒಂದು ಸಾಲಿನಿಂದ ಎಷ್ಟು ತಿಳಿಯುತ್ತದೆ ನೋಡಿ: ಅವನ ವರ್ಗದ ಗಂಡಸರಿಗೆ ಕಪ್ಪೇ ಮರ್ಯಾದೆಯ ಬಣ್ಣವಾಗಿತ್ತು. ಬಟ್ಟೆಯ ಹೂಗಳು ತಲೆಕೆಳಗಾಗಿವೆ ಅಂತ ಜೂರ್ದೇನ್ ತಕರಾರು ತೆಗೆದರೆ, ದೊಡ್ಡವರು ಹೀಗೇ ತೊಡುತ್ತಾರೆ ಅನ್ನುತ್ತಾನೆ ದರ್ಜಿ. ಅಂದರೆ ಅದು ದೊಡ್ಡ ಹೂವಿನ, ಮೇಲು ಕೆಳಗು ಗೊತ್ತಾಗುವ ಬಟ್ಟೆ. ಆಮೇಲೆ ದರ್ಜಿಯ ಮೈಮೇಲೆ ತನ್ನದೇ ಹಳೆಯ ಉಡುಪಿನ ಬಟ್ಟೆ ಇರುವುದು ಜೂರ್ದೇನನ ಕಣ್ಣಿಗೆ ಬೀಳುತ್ತದೆ. ಬಟ್ಟೆಗೆ ಬೆಲೆ ಜಾಸ್ತಿ, ಹೊಲಿಗೆಗೆ ಕಡಿಮೆ ಇದ್ದ ಕಾಲ ಅದು.

ಈಗ ಇನ್ನೊಂದು ದಾಖಲೆ ತೆಗೆಯೋಣ. ಮೋಲಿಯೇರ್ ಸತ್ತದ್ದು 1673ರ ಫೆಬ್ರವರಿ 17ರಂದು. ಜೂರ್ದೇನನ ಪಾತ್ರ ಮಾಡುತ್ತಿದ್ದದ್ದು ಅವನೇ. ಮುಂದಿನ ತಿಂಗಳು ನೋಟರಿಗಳು ಅವನ ಮನೆಯ ಸಾಮಾನೆಲ್ಲ ಪಟ್ಟಿ ಮಾಡಿದರು. ಆ ಪಟ್ಟಿ 1863ರಲ್ಲಿ ಅಚ್ಚಾಗಿದೆ. ಅದರಲ್ಲಿ ಈ ನಾಟಕದ ಉಡುಪಿನ ವಿವರ ಹೀಗಿದೆ: ಪಟ್ಟೆ ಪಟ್ಟೆಯ ನಿಲುವಂಗಿ, ಅದಕ್ಕೆ ಹಸಿರು ಮತ್ತು ಅರುಣೋದಯದ ಬಣ್ಣದ ಟಫೆಟಾ ಅನ್ನುವ ರೇಷ್ಮೆ ಬಟ್ಟೆಯ ಅಸ್ತರು; ಪಾನ್ ಅನ್ನುವ ಉದ್ದ ಎಳೆಯ ಮಖಮಲ್ಲಿನ ಕೆಂಪು ಚಡ್ಡಿ; ಅದೇ ಬಟ್ಟೆಯ ನೀಲಿ ಒಳಂಗಿ; ರಾತ್ರಿ ಟೋಪಿ; ಇಂಡಿಯೆನ್ ಥರ ಬಣ್ಣ ಬರೆದ ಬಟ್ಟೆಯ ಚಡ್ಡಿ ಮತ್ತು ನಡುಪಟ್ಟಿ; ಟರ್ಕಿ ಮಾದರಿಯ ಅಂಗಿ, ರುಮಾಲು, ಕತ್ತಿ; ಹಸಿರು ರೇಷ್ಮೆ ಕಾಲುಚೀಲ; ನಕಲಿ ಬೆಳ್ಳಿ ಲೇಸು ಹಚ್ಚಿದ ಟಫೆಟಾ ಮೇಲಂಗಿ.

ಪುಸ್ತಕದಲ್ಲಿ ಒಳಂಗಿ ಹಸಿರು, ಪಟ್ಟಿಯಲ್ಲಿ ನೀಲಿ. ಪುಸ್ತಕದಲ್ಲಿ ಇಂಡಿಯೆನ್ ಅಂದರೆ ನಿಲುವಂಗಿ, ಪಟ್ಟಿಯಲ್ಲಿ ಇಂಡಿಯೆನ್ ಥರದ್ದು ಚಡ್ಡಿ ಮತ್ತು ನಡುಪಟ್ಟಿ. ಎರಡೂ ಗಟ್ಟಿ ಆಧಾರಗಳೇ. ಪುಸ್ತಕ ಪಾತ್ರದ ಬಗ್ಗೆ ಹೇಳುತ್ತಿದೆ, ಪಟ್ಟಿ ನಟನ ಪೆಟ್ಟಿಗೆಯಲ್ಲಿ ಇದ್ದದ್ದನ್ನು ಹೇಳುತ್ತಿದೆ. ನೀವು ಪಠ್ಯದ ಜೂರ್ದೇನನನ್ನು ತೋರಿಸುವುದಾದರೆ ಹಸಿರು ಹಾಕಿ. ಮೋಲಿಯೇರ್ ತೊಟ್ಟದ್ದನ್ನು ತೋರಿಸುವುದಾದರೆ ನೀಲಿ ಹಾಕಿ. ಯಾವುದನ್ನು ಯಾಕೆ ಆರಿಸಿದಿರಿ ಅಂತ ನಿಮ್ಮ ಟಿಪ್ಪಣಿಯಲ್ಲಿ ಬರೆದಿಡಿ. ಇನ್ನೊಂದು ಮಾತು, ನಕಲಿ ಬೆಳ್ಳಿ ಅನ್ನುವುದನ್ನು ಗಮನಿಸಿದಿರಾ? ರಂಗದ ಉಡುಪಿಗೆ ಆಗಲೂ ಅಗ್ಗದ ಹೊಳಪೇ ಹಾಕುತ್ತಿದ್ದರು. ನೀವು ಹಾಕಿದರೂ ತಪ್ಪೇನಿಲ್ಲ.

ಸತ್ತ ನಂತರದ ಇಂಥ ಪಟ್ಟಿಗಳು ಪ್ಯಾರಿಸಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಲೆಕ್ಕವಿಲ್ಲದಷ್ಟಿವೆ. ನೋಟರಿಗಳ ಕೈಬರಹ ಓದುವುದು ಕಷ್ಟ. ಹಾಗಾಗಿ ಈಗಾಗಲೇ ಅಚ್ಚಾಗಿರುವ ಪಟ್ಟಿಗಳಿಂದ ಶುರು ಮಾಡಿ. ಹರಿದದ್ದು, ಹಳೆಯದು ಅಂತಲೂ ಅದರಲ್ಲಿ ಬರೆದಿರುತ್ತಾರೆ, ಬೆಲೆಯನ್ನೂ ಕಟ್ಟಿರುತ್ತಾರೆ. ಆಗಿನ ಫ್ರೆಂಚ್ ದುಡ್ಡಿನ ಲೆಕ್ಕದಲ್ಲಿ 1 ಲಿವ್ರ್‌ಗೆ 20 ಸೂ, 1 ಸೂಗೆ 12 ದನಿಯೇ. ಬಟ್ಟೆಯ ಅಳತೆ ‘ಓನ್’ ಲೆಕ್ಕದಲ್ಲಿ ಇರುತ್ತದೆ. ಪ್ಯಾರಿಸಿನ 1 ಓನ್ ಅಂದರೆ ಸುಮಾರು 1.19 ಮೀಟರ್.

ಕಾಗದಗಳೂ ಬಹಳ ಉಪಯುಕ್ತ. ದೊಡ್ಡ ಮನೆತನದ ಮದಾಂ ದ ಸೆವಿನ್ಯೆ ಪ್ಯಾರಿಸಿನಿಂದ ಪ್ರೊವಾನ್ಸ್‌ನಲ್ಲಿದ್ದ ಮಗಳಿಗೆ ಬರೆದ ಕಾಗದಗಳನ್ನು ಓದಿ. 1671ರ ಮಾರ್ಚಿನಲ್ಲಿ ಹೊಸ ತಲೆ ಬಾಚುವ ಶೈಲಿ ನೋಡಿ ನಗುತ್ತಾಳೆ. ಏಪ್ರಿಲ್‌ನಲ್ಲಿ ಅದೇ ಚೆನ್ನಾಗಿದೆ ಅಂತ ಮನಸ್ಸು ಬದಲಾಯಿಸಿ, ಬೊಂಬೆಯೊಂದಕ್ಕೆ ಹಾಗೆ ತಲೆ ಬಾಚಿಸಿ ಕಳಿಸಿಕೊಡುತ್ತೇನೆ ಅನ್ನುತ್ತಾಳೆ. ಫ್ಯಾಷನ್ ರಾಜಧಾನಿಯಿಂದ ದೂರದ ಊರಿಗೆ ಹೇಗೆ ಹೋಗುತ್ತಿತ್ತು ಅನ್ನೋದು ತಾಯಿ ಮಗಳ ಮಾತಿನಲ್ಲೇ ಗೊತ್ತಾಗುತ್ತದೆ. 1676ರ ನವೆಂಬರ್ 6ರ ಕಾಗದದಲ್ಲಿ ರಾಜನ ಪ್ರೇಯಸಿ ಮದಾಂ ದ ಮೊಂತೆಸ್ಪಾಂಗೆ ಉಡುಗೊರೆ ಬಂದ, ಚಿನ್ನದ ಮೇಲೆ ಚಿನ್ನ ಹೆಣೆದ ಉಡುಪಿನ ವರ್ಣನೆ ಇದೆ.

ನೆನಪಿನ ಕಥನಗಳ ವಿಷಯದಲ್ಲಿ ಸ್ವಲ್ಪ ನಿಧಾನ. 1697ರ ಡಿಸೆಂಬರಿನಲ್ಲಿ ರಾಜನ ಮೊಮ್ಮಗನ ಮದುವೆಗೆ ತಾನೂ ಹೆಂಡತಿಯೂ ಬಟ್ಟೆಗೇ 20,000 ಲಿವ್ರ್ ಸುರಿದೆವು ಅಂತ ಆಸ್ಥಾನದಲ್ಲಿದ್ದ ಡ್ಯೂಕ್ ಸೇಂಟ್ ಸಿಮೋನ್ ಬರೆದಿದ್ದಾನೆ. ಆದರೆ ಆ ಬರಹವನ್ನು ಅವನು ಕೊನೆಯ ರೂಪಕ್ಕೆ ತಂದದ್ದು 1739ರ ನಂತರ, ಅಂದರೆ ನಲವತ್ತು ವರ್ಷ ಕಳೆದ ಮೇಲೆ. ಆ ದಿನಗಳಲ್ಲೇ ಬಂದ ಮರ್ಕ್ಯೂರ್ ಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಅರ್ಥವಾಗದ ಬಟ್ಟೆಯ ಹೆಸರು ಬಂದರೆ ಇವತ್ತಿನ ನಿಘಂಟು ಬಿಟ್ಟು ಆ ಕಾಲದ್ದನ್ನೇ ತೆರೆಯಿರಿ. ಫ್ಯೂರ್ತಿಯೇರನ ನಿಘಂಟು 1690ರದ್ದು, ಫ್ರೆಂಚ್ ಅಕಾಡೆಮಿಯ ಮೊದಲ ನಿಘಂಟು 1694ರದ್ದು. ಎರಡೂ ಗ್ಯಾಲಿಕಾದಲ್ಲಿವೆ. ಹಳೆಯ ಅಚ್ಚಿನಲ್ಲಿ ಎಸ್ ಅಕ್ಷರ ಬಹಳ ಕಡೆ ಎಫ್‌ನಂತೆ ಕಾಣುತ್ತದೆ. ಕಂಪ್ಯೂಟರ್ ಅದನ್ನು ಎಫ್ ಅಂತಲೇ ಓದಿಬಿಡುತ್ತದೆ. ಒಂದು ಪದ ಸಿಗದಿದ್ದರೆ ಎಸ್ ಜಾಗದಲ್ಲಿ ಎಫ್ ಹಾಕಿ ಇನ್ನೊಮ್ಮೆ ಹುಡುಕಿ. ಫ್ರೆಂಚ್ ಬಾರದವರು ಇದಕ್ಕೆಲ್ಲ ಹೆದರಬೇಕಿಲ್ಲ. ಅನುವಾದದ ಆ್ಯಪ್ ಅರ್ಧ ದಾರಿ ಮುಟ್ಟಿಸುತ್ತದೆ. ಬಟ್ಟೆಯ ಹೆಸರು ಬಂದ ಕಡೆ ಮಾತ್ರ ಅದನ್ನು ನಂಬದೆ ಹಳೆಯ ನಿಘಂಟಿಗೆ ಹೋಗಿ.

ಉಳಿದಿರುವ ಬಟ್ಟೆ

ಇಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಈ ಕಾಲದ ಪೂರ್ತಿ ಫ್ರೆಂಚ್ ಉಡುಪು ಉಳಿದಿರುವುದು ಬಹಳ ಅಪರೂಪ. ದುಬಾರಿ ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿಸುತ್ತಿದ್ದರು, ಸೇವಕರಿಗೆ ಕೊಡುತ್ತಿದ್ದರು, ಹಳೆ ಬಟ್ಟೆ ವ್ಯಾಪಾರಿಗಳಿಗೆ ಮಾರುತ್ತಿದ್ದರು, ಚರ್ಚಿಗೆ ದಾನ ಮಾಡುತ್ತಿದ್ದರು. ಜರಿಯನ್ನು ಕರಗಿಸಿ ಬೆಳ್ಳಿ ತೆಗೆಯುತ್ತಿದ್ದರು. ಹಾಗಾಗಿ ಫ್ರೆಂಚ್ ಮಾದರಿಯನ್ನು ಅನುಸರಿಸಿದ ಪಕ್ಕದ ದೇಶಗಳ ಬಟ್ಟೆ ನೋಡಬೇಕಾಗುತ್ತದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ಮುಂದೆ ಎರಡನೇ ಜೇಮ್ಸ್ ರಾಜನಾದವನ 1673ರ ಮದುವೆಯ ಕೋಟು ಮತ್ತು ಚಡ್ಡಿ ಇವೆ. ಬೂದು ಬಣ್ಣದ ಉಣ್ಣೆ ಬಟ್ಟೆ, ಮೇಲೆ ಬೆಳ್ಳಿ ಮತ್ತು ಚಿನ್ನದ ನೀರು ಕುಡಿಸಿದ ಬೆಳ್ಳಿ ಎಳೆಯ ದಟ್ಟ ಕಸೂತಿ, ಒಳಗೆ ಕೆಂಪು ರೇಷ್ಮೆ. ಮೆಟ್ ಮ್ಯೂಸಿಯಂನಲ್ಲಿ ಆ ಶತಮಾನದ ಕೊನೆಯ ಇಂಗ್ಲಿಷ್ ಮಾಂತೋ ಒಂದಿದೆ, ಅದೂ ಕಸೂತಿಯ ಉಣ್ಣೆ ಬಟ್ಟೆಯದ್ದೇ. ರಾಜಮನೆತನದವರು ಬರೀ ರೇಷ್ಮೆಯನ್ನೇ ತೊಡುತ್ತಿದ್ದರು ಅನ್ನುವ ಕಲ್ಪನೆಯನ್ನು ಆ ಕೋಟು ಒಂದೇ ಮುರಿಯುತ್ತದೆ, ಅಲ್ವಾ?

ಕತ್ತರಿಸುವ ವಿಧಾನಕ್ಕೆ 1671ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾದ ಬೂಲೆಯ ದರ್ಜಿ ಪುಸ್ತಕವಿದೆ. ಅರಮನೆಯ ಗ್ರಾಂತ್ ಆಬಿಗೆ ಗಾರ್ಸೋ 1769ರಲ್ಲಿ ಬರೆದ ದರ್ಜಿ ಕಲೆಯ ಪುಸ್ತಕ ನೋಡಿ. ಕಾಲ ಬೇರೆಯಾದರೂ ಆ ಉಡುಪಿನ ಕಟ್ಟು ಹಳೆಯದ್ದೇ. ಯಾರು ಹೊಲಿಯುತ್ತಿದ್ದರು ಅನ್ನೋದೂ ಲೆಕ್ಕಕ್ಕೆ ಬರುತ್ತದೆ. 1675ರಲ್ಲಿ ಪ್ಯಾರಿಸಿನ ಹೆಣ್ಣು ದರ್ಜಿಗಳಿಗೆ ಅವರದ್ದೇ ಸಂಘ ಸಿಕ್ಕಿತು. ಆದರೆ ಪಟ್ಟಿ ಕೂರಿಸುವ ಗಟ್ಟಿ ಕುಪ್ಪಸದ ಕೆಲಸ ಗಂಡಸರ ಕೈಯಲ್ಲೇ ಉಳಿಯಿತು. ಮಾಂತೋ ಸಡಿಲ ನೆರಿಗೆಯದ್ದಾಗಿರುವುದಕ್ಕೂ ಅದನ್ನು ಹೆಂಗಸರೇ ಹೊಲಿದದ್ದಕ್ಕೂ ಸಂಬಂಧವಿದೆ.

ಬಟ್ಟೆಯ ಹಿಂದಿನ ಕಾನೂನು, ನಮ್ಮ ಕರಾವಳಿಯ ನಂಟು

ಬಟ್ಟೆ ಎಲ್ಲಿಂದ ಬಂತು ಅಂತ ನೋಡಿದರೆ ಕಾಲ ಇನ್ನೂ ಸ್ಪಷ್ಟವಾಗುತ್ತದೆ. ವೆನಿಸ್ಸಿನ ಲೇಸಿಗೆ ದುಡ್ಡು ಹರಿದುಹೋಗುತ್ತಿದೆ ಅಂತ ಮಂತ್ರಿ ಕೋಲ್ಬೇರ್ 1665ರಲ್ಲಿ ಅಲಾಂಸೋಂ ಮುಂತಾದ ಊರುಗಳಲ್ಲಿ ಫ್ರೆಂಚ್ ಲೇಸಿನ ಕೆಲಸ ಶುರು ಮಾಡಿಸಿದ. ರೇಷ್ಮೆಗೆ ಲಿಯೋನ್ ಊರಿತ್ತು. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1664ರಲ್ಲಿ, ಪುದುಚೇರಿಯಲ್ಲಿ ಅವರು ನೆಲೆಯೂರಿದ್ದು 1674ರಲ್ಲಿ. ಕೋರಮಂಡಲ ಕರಾವಳಿಯ, ಅಂದರೆ ನಮ್ಮ ದೇಶದ ಪೂರ್ವ ತೀರದ, ಬಣ್ಣದ ಹತ್ತಿ ಬಟ್ಟೆ ತೊಳೆದರೂ ಬಣ್ಣ ಬಿಡದು ಅಂತ ಫ್ರಾನ್ಸ್‌ನಲ್ಲಿ ಹುಚ್ಚು ಹಿಡಿಸಿತು. ಅಲ್ಲಿನ ರೇಷ್ಮೆ, ಉಣ್ಣೆ ನೇಕಾರರು ಗಾಬರಿಯಾದರು. 1686ರ ಅಕ್ಟೋಬರ್ 26ರಂದು ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1759ರಲ್ಲಿ. ಹಾಗಾಗಿ 1670ರ ಜೂರ್ದೇನ್ ಇಂಡಿಯೆನ್ ತೊಟ್ಟರೆ ಅದು ಹೊಸ ಶೋಕಿ. 1690ರ ಪಾತ್ರ ತೊಟ್ಟರೆ ಅದು ಕಾನೂನು ಮುರಿದದ್ದು. ಒಂದೇ ಬಟ್ಟೆ, ಇಪ್ಪತ್ತು ವರ್ಷದಲ್ಲಿ ಅದರ ಅರ್ಥವೇ ಬೇರೆಯಾಯಿತು.

ಟಿಪ್ಪಣಿ ಇಡುವುದು, ಕೇಳುವುದು

ಪ್ರತಿ ಚಿತ್ರಕ್ಕೂ ಒಂದು ಸಾಲು ಬರೆದಿಡಿ: ಮ್ಯೂಸಿಯಂ ಹೆಸರು, ಅವರ ನೋಂದಣಿ ಸಂಖ್ಯೆ, ವರ್ಷ, ಯಾರಿಗಾಗಿ ಮಾಡಿದ್ದು, ನಿಮಗೆ ಅದರಿಂದ ಬೇಕಾದದ್ದು ಏನು. ಸುಮ್ನೆ ಫೋನಿಗೆ ಇಳಿಸಿಟ್ಟುಕೊಂಡರೆ ತಿಂಗಳ ನಂತರ ಎಲ್ಲ ಬೆರಕೆಯಾಗುತ್ತದೆ. ಉಡುಪನ್ನು ಭಾಗ ಭಾಗವಾಗಿ ನೋಡಿ. ಕಾಲರ್‌ಗೆ ಏನು ಆಧಾರ, ತೋಳಿಗೆ ಏನು, ಕಾಲುಚೀಲಕ್ಕೆ ಏನು ಅಂತ ಪಟ್ಟಿ ಮಾಡಿದರೆ ಖಾಲಿ ಜಾಗಗಳು ತಾನಾಗೇ ಎದ್ದು ಕಾಣುತ್ತವೆ. ಮುಂದೆ ಹುಡುಕಬೇಕಾದದ್ದು ಆ ಖಾಲಿ ಜಾಗಕ್ಕೆ ಮಾತ್ರ. ಚಿತ್ರವನ್ನು ಪುಸ್ತಕದಲ್ಲೋ ಪೋಸ್ಟರ್‌ನಲ್ಲೋ ಬಳಸುವುದಾದರೆ ಪ್ರತಿ ಸಂಸ್ಥೆಯ ನಿಯಮ ಓದಿ. ಗ್ಯಾಲಿಕಾದಲ್ಲಿ ವ್ಯಾಪಾರಕ್ಕಲ್ಲದ ಬಳಕೆಗೆ ಮೂಲ ಹೇಳಿದರೆ ಸಾಕು, ವ್ಯಾಪಾರಕ್ಕಾದರೆ ಅನುಮತಿ ಬೇಕು.

ಕೊನೆಗೂ ಉಳಿದ ಪ್ರಶ್ನೆಗಳನ್ನು ಮ್ಯೂಸಿಯಂನವರನ್ನೇ ಕೇಳಿ. ಸಂಕೋಚ ಬೇಡ. ಸರಳ ಇಂಗ್ಲಿಷಿನಲ್ಲಿ ಇಮೇಲ್ ಬರೆಯಿರಿ, ನೋಂದಣಿ ಸಂಖ್ಯೆ ಹಾಕಿ, ಒಂದೇ ಒಂದು ಖಚಿತ ಪ್ರಶ್ನೆ ಕೇಳಿ. ‘ಈ ಕೋಟಿನ ಬಗ್ಗೆ ತಿಳಿಸಿ’ ಅಂದರೆ ಅವರಿಗೆ ಉತ್ತರಿಸುವುದು ಕಷ್ಟ. ‘ಹಿಂಭಾಗದ ಸೀಳು ಎಷ್ಟು ಎತ್ತರದಿಂದ ಶುರುವಾಗುತ್ತದೆ, ಒಳಗಿನ ಫೋಟೋ ಇದೆಯಾ’ ಅಂದರೆ ನೋಡಿ ಹೇಳಬಹುದು. ಉತ್ತರಕ್ಕೆ ವಾರಗಳೇ ಹಿಡಿಯಬಹುದು. ಆದ್ದರಿಂದ ದರ್ಜಿಗೆ ಬಟ್ಟೆ ಕೊಡುವ ಮೊದಲೇ, ಹುಡುಕಾಟದ ಮಧ್ಯದಲ್ಲೇ ಈ ಇಮೇಲ್ ಕಳಿಸಿಬಿಡಿ.